ದ್ವಿದಳ ಧಾನ್ಯಗಳೂ ತಜ್ಞರ ಅಭಿಪ್ರಾಯವೂ

ಒಂದು ಶಾಸ್ತ್ರದಲ್ಲಿ ಪಾರಂಗತರಾದವರು ಬಹುಕಾಲದಿಂದ ನೆಲೆಗೊಂಡಿರುವ ಅಭಿಪ್ರಾಯವನ್ನು ಪ್ರಶ್ನಿಸಲು ಹಿಂಜರಿಯುವರೆಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವ್ಯವಸಾಯ ಶಾಸ್ತ್ರದ ಚರಿತ್ರೆಯಲ್ಲಿನ ಒಂದು ಪ್ರಸಂಗದಿಂದ ವಿಚಾರಮಾಡಬಹುದು.

ತೊಗರಿ, ಅವರೆ, ಹುರುಳಿ, ಅಲಸಂದೆ ಮುಂತಾದ ದ್ವಿದಳ ಧಾನ್ಯಗಳನ್ನು ಬೆಳೆದ ಭೂಮಿಯಲ್ಲಿ ಮುಂದಿನ ಪೈರು ಚೆನ್ನಾಗಿ ಬರುವುದೆಂಬುದು ರೈತರಿಗೆ ಹಳೆಯ ಅನುಭವ. ಪ್ರಾಚೀನ ರೋಮಿನ ಗ್ರಂಥಕರ್ತರೂ ಇದನ್ನು ಬರೆದಿಟ್ಟಿರುವರು. 1838ರಲ್ಲಿ ಫ್ರಾನ್ಸಿನ ಬೂಸೆಂಗೋ ಎಂಬ ವಿದ್ವಾಂಸನು, ಬಟಾಣಿ ಮತ್ತು ಕ್ಲೋವರ್ ಗಿಡಗಳಲ್ಲಿ ಸಾರಜನಕವು ಹೆಚ್ಚುವುದೆಂದೂ ಗೋಧಿಯಲ್ಲಿ ಹಾಗಾಗುವುದಿಲ್ಲವೆಂದೂ ಪ್ರಕಟಿಸಿದನು. ಆದರೆ ಅನಂತರ ಇನ್ನೂ ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳಲ್ಲಿ ಅವನಿಗೇ ಈ ಹೆಚ್ಚಳವು ಕಾಣಲಿಲ್ಲ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗಶಾಲೆಯಲ್ಲಿ ಲಾಸ್, ಗಿಲ್ಬರ್ಟ್, ಪ್ಯೂ ಎಂಬವರು 1857 ಮತ್ತು 1858ರಲ್ಲಿ ಈ ವಿಷಯವನ್ನು ಪರೀಕ್ಷಿಸಿದರು. ಮಣ್ಣಿನಲ್ಲಿ ಸಾರಜನಕದ ಲೇಶವೂ ಉಳಿಯದಂತೆ ಅದನ್ನು ಬೆಂಕಿಯಲ್ಲಿ ಕಾಸಿದರು; ಗಾಜಿನ ಮುಚ್ಚಳದೊಳಗೆ ಶುದ್ಧಪಡಿಸಿದ ಗಾಳಿಯನ್ನೇ ಬಿಟ್ಟರು. ಗಿಡಗಳು ಗಾಳಿಯ ಸಾರಜನಕವನ್ನು ಹೀರಲಾರವೆಂಬುದೇ ಅವರ ತೀರ್ಮಾನವಾಯಿತು. ಪ್ರಯೋಗವು ಅತ್ಯಂತ ನಿಷ್ಕೃಷ್ಟವಾಗಿದ್ದುದರಿಂದ ಎದುರು ಮಾತನಾಡುವವರಿಗೆ ಬಲವಿಲ್ಲದಾಯಿತು. ಆದರೆ ಹೊಲದಲ್ಲಿ ಕ್ಲೋವರ್ ಬೆಳೆಗೆ ಅಷ್ಟು ಸಾರಜನಕವು ಎಲ್ಲಿಂದ ಬರುವುದೆಂಬ ಪ್ರಶ್ನೆಯು ಅವರಿಗೂ ಬಿಡಿಸದ ಒಗಟಾಗಿಯೇ ಉಳಿಯಿತು.

ಜರ್ಮನಿಯ ಹೆಲ್‌ರೀಗೆಲ್ ಮತ್ತು ಅವನ ಸಹಾಯಕ ವಿಲ್‌ಫಾರ್ತ್ ಎಂಬವರು ಮರಳಿನ ಕುಂಡಗಳಲ್ಲಿ ಬಟಾಣಿ ಬೆಳೆದಾಗ, ಒಂದೇ ಬಗೆಯ ಆರೈಕೆಯಲ್ಲಿಯೂ ಕೆಲವು ಗಿಡಗಳು ಸೊರಗಿದವು, ಕೆಲವು ಸೊಂಪಾಗಿ ಬೆಳೆದವು. ಕಾಸಿದ ಮರಳಿಗೆ ಹೊಲದ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಹಾಕಿದರೆ ಗಿಡಗಳು ಚೇತರಿಸಿಕೊಂಡವು. ಆ ನೀರನ್ನು ಕುದಿಸಿ ಹಾಕಿದರೆ ಫಲವಿಲ್ಲ. ಆದಕಾರಣ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೇ ಕಾರಣವೆಂದು ಹೆಲ್‌ರೀಗೆಲ್ 1886ರಲ್ಲಿ ಬರ್ಲಿನ್ನಿನ ಸಭೆಯಲ್ಲಿ ತಿಳಿಸಿದನು. 1888ರಲ್ಲಿ ಹಾಲೆಂಡಿನ ಬೈಯರಿಂಕನು ಆ ಜೀವಿಗಳನ್ನು ಪ್ರತ್ಯೇಕಿಸಿದನು. ರಾಥಮ್‌ಸ್ಟೆಡ್ಡಿನವರು ಮಣ್ಣನ್ನು ಶುದ್ಧಮಾಡಲು ಕಾಸಿದ ಬೆಂಕಿಯೇ ಅವುಗಳನ್ನು ಕೊಂದಿದ್ದಿತು! ಲಾಸ್ ಮತ್ತು ಗಿಲ್ಬರ್ಟ್ ತಾವೇ ಹೊಸದಾಗಿ ಪ್ರಯೋಗ ನಡೆಸಿ, ಹೆಲ್‌ರೀಗೆಲನ ಮಾತನ್ನು ಅಂಗೀಕರಿಸಿದರು.

ಇಲ್ಲಿ ತಜ್ಞರ ಮಾತು 28 ವರ್ಷ ತಪ್ಪುದಾರಿ ಹಿಡಿದುದಕ್ಕೆ ದುರಭಿಮಾನವು ಕಾರಣವಲ್ಲ. ಪ್ರಯೋಗದಿಂದ ತಾವು ಹೊರಗಿಟ್ಟ ವಸ್ತುವಿನಲ್ಲಿಯೇ ಉತ್ತರವಿರಬಹುದೆಂದು ಯಾರಿಗೂ ತೋಚಲಿಲ್ಲ. ಹಾಗೆಂದು ಹಳೆಯ ರೂಢಿಯೆಲ್ಲವೂ ಸರಿಯೆಂದೂ ಹೇಳಲಾಗದು. ರೈತರ ಅನುಭವವು ಸಂಗತಿಯನ್ನು ತಿಳಿಸಿತ್ತು, ಕಾರಣವನ್ನು ತಿಳಿಸಿದುದು ಪ್ರಯೋಗವೇ.

ರೈತರು ಇದನ್ನು ತಮ್ಮ ಹೊಲದಲ್ಲಿಯೇ ನೋಡಬಹುದು. ಹೂ ಬಿಡುವ ಕಾಲದಲ್ಲಿ ಅಲಸಂದೆಯ ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು, ಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಂಡಲ್ಲಿ ಜೀವಿಗಳು ಕೆಲಸಮಾಡುತ್ತಿವೆಯೆಂದು ತಿಳಿಯಬೇಕು. ಗಂಟುಗಳು ಇಲ್ಲದಿದ್ದರೆ, ಮುಂದಿನ ಬಿತ್ತನೆಗೆ ಆಯಾ ಬೆಳೆಗೆ ತಕ್ಕ ರೈಜೋಬಿಯಂ ಗೊಬ್ಬರವನ್ನು ಬೀಜಕ್ಕೆ ಲೇಪಿಸುವುದು ಒಳ್ಳೆಯದು. ಯಾವ ಪ್ರಯೋಗದ ಫಲಿತಾಂಶವನ್ನು ಕೇಳಿದಾಗಲೂ, ಹೊಲದಲ್ಲಿದ್ದು ಆ ಪ್ರಯೋಗದಲ್ಲಿ ಇಲ್ಲದಿದ್ದುದು ಯಾವುದೆಂದು ವಿಚಾರಿಸುವುದು ತಜ್ಞರಿಗೂ ರೈತರಿಗೂ ಸಮಾನವಾದ ಕರ್ತವ್ಯವಾಗಿರುತ್ತದೆ.