ಮನೆಯಲ್ಲಿ ಹವಳದ ತೊಟ್ಟಿ

ಗಾಜಿನ ತೊಟ್ಟಿಯಲ್ಲಿ ಹವಳಗಳನ್ನೂ ಬಣ್ಣದ ಕಡಲಮೀನುಗಳನ್ನೂ ಸಾಕಬೇಕೆಂಬ ಹಂಬಲ ನಮ್ಮಲ್ಲಿ ಹಲವರಿಗುಂಟು. ಆದರೆ ಮೀನಿಗಿಂತ ಮೊದಲು ನಾವು ಸಾಕಬೇಕಾದುವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು.

ಕಡಲ ನೀರನ್ನು ಅಣಿಮಾಡುವುದು ಕಷ್ಟವೇನಲ್ಲ. ಶುದ್ಧೀಕರಿಸಿದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂನಂತೆ, ಇದಕ್ಕೆಂದೇ ತಯಾರಿಸಿದ ಲವಣಮಿಶ್ರಣವನ್ನು ಕರಗಿಸತಕ್ಕದ್ದು. ಅಡಿಗೆಯ ಉಪ್ಪು ಒದಗದು. ಹವಳವು ತನ್ನ ಗೂಡನ್ನು ಕಟ್ಟಿಕೊಳ್ಳಲು ಬೇಕಾದ ಸುಣ್ಣದ ಅಂಶ ಅದರಲ್ಲಿಲ್ಲ. ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರಬೇಕು. ನೀರು ಸದಾ ಚಲಿಸುತ್ತಿರಬೇಕು. ಆವಿಯಾಗಿ ಹೋದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು, ಏಕೆಂದರೆ ನೀರು ಆರಿದರೂ ಉಪ್ಪು ಉಳಿಯುತ್ತದೆ.

ಇನ್ನು ಮುಖ್ಯ ವಿಷಯ. ಮೀನಿನ ಮಲದಿಂದಲೂ ತಿಂದುಳಿದ ಆಹಾರದಿಂದಲೂ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಇದನ್ನು ನೈಟ್ರೈಟಾಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ಅಷ್ಟು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ತೂತುಗಳುಳ್ಳ ಕಲ್ಲುಗಳಲ್ಲಿ ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಹಿಡಿಯುತ್ತವೆ. ಈ ಅವಧಿಯಲ್ಲಿ ತೊಟ್ಟಿಗೆ ಚಿಟಿಕೆಯಷ್ಟು ಆಹಾರವನ್ನು ಹಾಕುತ್ತಿದ್ದು, ಪರೀಕ್ಷೆಯಲ್ಲಿ ಅಮೋನಿಯವೂ ನೈಟ್ರೈಟೂ ಶೂನ್ಯಕ್ಕಿಳಿದ ಮೇಲೆಯೇ ಒಂದೆರಡು ಗಟ್ಟಿಮುಟ್ಟಾದ ಮೀನುಗಳನ್ನು ಬಿಡಬೇಕು. ಅವು ಕೆಲವು ತಿಂಗಳು ಕ್ಷೇಮವಾಗಿದ್ದರೆ ಹವಳದ ಮಾತು.

ಆ ಹವಳವಾದರೂ ಎಲ್ಲಿಂದ ಬಂದುದೆಂದು ವಿಚಾರಿಸದೆ ಕೊಳ್ಳಬಾರದು. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥವನ್ನು ಕಡಲಿನಿಂದ ಕೀಳುವುದು ಅಪರಾಧ. ಮನೆಯ ತೊಟ್ಟಿಯ ಅಂದಕ್ಕಾಗಿ ಕಡಲು ಬರಿದಾಗಬಾರದಷ್ಟೆ.