ಹಲಸಿನ ಹಣ್ಣಿನ ಹೋಲಿಕೆ

ಮನೆಯವರ ಮೇಲೆ ದಿನವೂ ಸಿಡುಕುವ, ಊಟದ ತಟ್ಟೆ ತಳ್ಳಿ ಎದ್ದು ಹೋಗುವ ಗಂಡಸಿನ ಬಗ್ಗೆ ನಮ್ಮಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ‘ಬಾಯಿ ಒರಟು, ಮನಸ್ಸು ಮಾತ್ರ ಬೆಣ್ಣೆ.’ ಜೊತೆಗೆ ಹಲಸಿನ ಹಣ್ಣಿನ ಹೋಲಿಕೆಯೂ ಬರುತ್ತದೆ: ಹೊರಗೆ ಮುಳ್ಳು, ಒಳಗೆ ಜೇನಿನಂಥ ತೊಳೆ. ಹೀಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ನಂಬಿಯೇ ಹೇಳುತ್ತಾರೆ. ಮನುಷ್ಯನ ನಿಜ ಸ್ವರೂಪ ಒಳಗೆಲ್ಲೋ ಭದ್ರವಾಗಿದೆ, ಹೊರಗೆ ಕಾಣುವುದೆಲ್ಲ ಬರೀ ಸಿಪ್ಪೆ ಎಂಬುದು ಆ ನಂಬಿಕೆಯ ಬುಡ. ಇದು ಅರ್ಧ ಮಾತ್ರ ಸರಿ, ಉಳಿದರ್ಧದಿಂದ ಆಗುವ ಹಾನಿ ದೊಡ್ಡದು ಎಂಬುದು ನನ್ನ ವಾದ. ‘ಹೊರಗೆ’ ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ತುಂಬಿಟ್ಟಿದ್ದೇವೆ. ಒಂದು ತೋರಿಕೆ: ಮುಖ, ಮೈಬಣ್ಣ, ಉಡುಗೆ. ಇನ್ನೊಂದು ನಡತೆ: ಒಬ್ಬರು ದಿನದಿನವೂ ಯಾರೊಂದಿಗೆ ಏನು ಮಾಡುತ್ತಾರೆ ಎಂಬುದು. ತೋರಿಕೆಯನ್ನು ನಂಬಬಾರದು, ನಿಜ. ಆದರೆ ಆ ಅಪನಂಬಿಕೆಯನ್ನು ನಡತೆಯ ಮೇಲೂ ಹಾಕಿಬಿಟ್ಟರೆ, ಮನುಷ್ಯನನ್ನು ಅರಿಯಲು ಇರುವ ಮುಖ್ಯ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ತೋರಿಕೆಯ ಮೋಸಕ್ಕೆ ಸಾಕ್ಷಿ ಬೇಕಾದಷ್ಟಿದೆ. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್, ತರುಣ ಚಾರ್ಲ್ಸ್ ಡಾರ್ವಿನ್‌ನನ್ನು ಮೂಗಿನ ಆಕಾರ ನೋಡಿಯೇ ಬಿಟ್ಟುಬಿಡುವುದರಲ್ಲಿದ್ದ. ಮುಖಲಕ್ಷಣದಿಂದ ಗುಣ ತಿಳಿಯಬಹುದೆಂದ ಲಾವಾಟರ್‌ನ ಸಿದ್ಧಾಂತವನ್ನು ನಂಬಿದ್ದ ಆ ಕ್ಯಾಪ್ಟನ್‌ಗೆ, ಇಂಥ ಮೂಗಿನವನಲ್ಲಿ ದೀರ್ಘ ಪ್ರಯಾಣಕ್ಕೆ ಬೇಕಾದ ಶಕ್ತಿ, ದೃಢತೆ ಇರಲಾರದೆಂಬ ಅನುಮಾನ. ಡಾರ್ವಿನ್ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಸಿದ್ಧಾಂತ ಇಂದು ಬಿದ್ದುಹೋಗಿದೆ, ಅಭ್ಯಾಸ ಮಾತ್ರ ಹಾಗೇ ಇದೆ. ಅಪರಿಚಿತರ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ ತೋರಿಸಿದರೂ ಸಾಕು, ಇವರು ನಂಬಿಕಸ್ಥರೋ ಅಲ್ಲವೋ ಎಂದು ಜನ ತೀರ್ಮಾನಿಸಿಬಿಡುತ್ತಾರೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ಹೆಚ್ಚು ಹೊತ್ತು ನೋಡಲು ಬಿಟ್ಟಾಗ ತೀರ್ಪು ಅಷ್ಟಾಗಿ ಬದಲಾಗಲಿಲ್ಲ, ತೀರ್ಪಿನ ಮೇಲಿನ ಭರವಸೆ ಮಾತ್ರ ಬಲಿಯಿತು.

ತೋರಿಕೆ ಹೀಗಿರುವಾಗ ಮನಸ್ಸನ್ನೇ ಕೇಳೋಣ ಅನ್ನಿಸುವುದು ಸಹಜ. ನನ್ನೊಳಗು ನನಗಲ್ಲದೆ ಇನ್ಯಾರಿಗೆ ಗೊತ್ತು? ಈ ಪ್ರಶ್ನೆಗೆ ಉತ್ತರ ಸುಲಭವಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಪೀಟರ್ ಯೋಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇಜಿನಾಚೆ ಕುಳಿತ ಪ್ರಯೋಗಕಾರ ಇಬ್ಬರು ಹೆಂಗಸರ ಫೋಟೊ ಎತ್ತಿ ಹಿಡಿಯುತ್ತಾನೆ. ‘ಇವರಿಬ್ಬರಲ್ಲಿ ಯಾರ ಮುಖ ಚೆಂದ?’ ಎದುರಿನವರು ಒಂದನ್ನು ಬೆರಳು ಮಾಡಿ ತೋರಿಸುತ್ತಾರೆ. ಫೋಟೊವನ್ನು ಮಗುಚಿ ಅವರತ್ತ ಸರಿಸಿ, ಇದನ್ನೇ ಆರಿಸಿದ್ದೇಕೆ ಎಂದು ಕೇಳುತ್ತಾನೆ. ಕೆಲವು ಸಲ ಇಲ್ಲೊಂದು ಕೈಚಳಕ ನಡೆಯುತ್ತದೆ. ಪ್ರತಿ ಫೋಟೊದ ಹಿಂದೆ ಇನ್ನೊಬ್ಬಾಕೆಯ ಫೋಟೊ ಅಡಗಿರುತ್ತದೆ. ಮೇಜೂ ಕಪ್ಪು, ಕಾರ್ಡಿನ ಬೆನ್ನೂ ಕಪ್ಪು. ಕೈಗೆ ಬರುವುದು ತಾವು ಆರಿಸದೆ ಬಿಟ್ಟ ಮುಖ. ಹೀಗೆ ಬದಲಿಸಿದ ಸಂದರ್ಭಗಳಲ್ಲಿ ಹೆಚ್ಚಿನವುಗಳಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗದಿದ್ದುದು ಒಂದು ಸೋಜಿಗವಾದರೆ, ಮುಂದೆ ಆದದ್ದು ಅದಕ್ಕಿಂತ ದೊಡ್ಡದು. ಅವರು ತಡವರಿಸದೆ ಕಾರಣಗಳನ್ನು ಕೊಟ್ಟರು. ಒಬ್ಬರು, ಕಿವಿಯೋಲೆ ನನಗಿಷ್ಟ ಎಂದರು. ಅವರು ಮೊದಲು ನಿಜವಾಗಿ ಆರಿಸಿದ್ದ ಹೆಂಗಸಿನ ಕಿವಿಯಲ್ಲಿ ಓಲೆಯೇ ಇರಲಿಲ್ಲ.

ಆ ವ್ಯಕ್ತಿ ಸುಳ್ಳು ಹೇಳಲಿಲ್ಲ ಎಂಬುದು ಇಲ್ಲಿ ಮುಖ್ಯ. ತನ್ನೊಳಗೆ ಇಣುಕಿ ಕಂಡದ್ದನ್ನು ಹೇಳುತ್ತಿದ್ದೇನೆ ಎಂದೇ ಅವರು ಅಂದುಕೊಂಡಿದ್ದರು. ಆದರೆ ಆಗ ಮನಸ್ಸು ಮಾಡುತ್ತಿದ್ದುದು ಇಣುಕುವ ಕೆಲಸವಲ್ಲ, ಕಣ್ಣೆದುರಿನ ಫೋಟೊಗೆ ಹೊಂದುವ ವಿವರಣೆಯನ್ನು ಹೆಣೆಯುವ ಕೆಲಸ. ಅಮೆರಿಕದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರಲ್ಲೇ ಇದೇ ಮಾತು ಹೇಳಿದ್ದರು. ಒಂದೇ ಬಗೆಯ ನಾಲ್ಕು ಜೊತೆ ಕಾಲುಚೀಲಗಳನ್ನು ಸಾಲಾಗಿಟ್ಟು ಉತ್ತಮವಾದದ್ದನ್ನು ಆರಿಸಿ ಎಂದಾಗ, ಬಲತುದಿಯದ್ದನ್ನು ಆರಿಸಿದವರು ಎಡತುದಿಯದ್ದನ್ನು ಆರಿಸಿದವರ ಮೂರು ಪಟ್ಟಿಗೂ ಮೀರಿದ್ದರು. ಇಟ್ಟ ಜಾಗದಿಂದಾಗಿ ಆರಿಸಿದೆ ಎಂದವರು ಒಬ್ಬರೂ ಇಲ್ಲ.

ಫೋಟೊ, ಕಾಲುಚೀಲಗಳಂಥ ಚಿಲ್ಲರೆ ಆಯ್ಕೆಯಲ್ಲಿ ಎಡವಿದ್ದಕ್ಕೆ ಇಡೀ ಅಂತರಂಗವನ್ನೇ ಅನುಮಾನಿಸಬೇಕೆ, ನಮಗೆ ಮುಖ್ಯವಾದ ವಿಷಯಗಳಲ್ಲಿ ನಮ್ಮನ್ನು ನಾವು ಬಲ್ಲೆವಲ್ಲ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ 2010ರ ಸ್ವೀಡನ್ ಚುನಾವಣೆಯ ಕೊನೆಯ ದಿನಗಳಲ್ಲಿ ಅದೇ ಲುಂಡ್ ತಂಡ ಮತದಾರರಿಗೆ ತೆರಿಗೆ, ಆರೋಗ್ಯದಂಥ ವಿಷಯಗಳ ಪ್ರಶ್ನಾವಳಿ ಕೊಟ್ಟು, ಅವರು ಬರೆದ ಉತ್ತರಗಳಲ್ಲಿ ಕೆಲವನ್ನು ಗುಟ್ಟಾಗಿ ತಿರುವುಮುರುವು ಮಾಡಿತು. ಬದಲಿಸಿದ ಉತ್ತರಗಳಲ್ಲಿ ಪತ್ತೆಯಾದದ್ದು ಶೇ 22 ಮಾತ್ರ. ಉಳಿದವನ್ನು ಜನ ತಮ್ಮದೇ ನಿಲುವು ಎಂದುಕೊಂಡು ಸಮರ್ಥಿಸಿದರು.

ಇನ್ನು ಒಳ್ಳೆಯತನದ ಮಾತು. ಕಾರ್ನೆಲ್ ವಿಶ್ವವಿದ್ಯಾಲಯದ ಆವರಣದಲ್ಲಿ ಕ್ಯಾನ್ಸರ್ ಸಂಸ್ಥೆಯೊಂದರ ನೆರವಿಗಾಗಿ ಡ್ಯಾಫೊಡಿಲ್ ಹೂ ಮಾರುತ್ತಿದ್ದರು. ಕೊಳ್ಳುವಿರಾ ಎಂದು ವಿದ್ಯಾರ್ಥಿಗಳನ್ನು ಮೊದಲೇ ಕೇಳಿದಾಗ ಶೇ 83 ಮಂದಿ ಹೂಂ ಎಂದರು. ಸಹಪಾಠಿಗಳಲ್ಲಿ ಎಷ್ಟು ಜನ ಕೊಳ್ಳಬಹುದು ಎಂದರೆ ಅವರ ಅಂದಾಜು ಶೇ 56. ಕೊನೆಗೆ ಕೊಂಡವರು ಶೇ 43. ನಿಕೊಲಸ್ ಎಪ್ಲಿ ಮತ್ತು ಡೇವಿಡ್ ಡನ್ನಿಂಗ್ 2000ದಲ್ಲಿ ಪ್ರಕಟಿಸಿದ ಈ ಅಂಕಿಗಳನ್ನು ನಿಧಾನವಾಗಿ ನೋಡಿ. ಬೇರೆಯವರ ಬಗ್ಗೆ ಆ ವಿದ್ಯಾರ್ಥಿಗಳ ಅಂದಾಜು ನಿಜಕ್ಕೆ ಸಾಕಷ್ಟು ಹತ್ತಿರವಿತ್ತು, ತಪ್ಪಿದ್ದು ತಮ್ಮ ಬಗ್ಗೆ. ಬೇರೆಯವರನ್ನು ನಾವು ಅವರ ಕೆಲಸದಿಂದ ಅಳೆಯುತ್ತೇವೆ, ನಮ್ಮನ್ನು ನಮ್ಮ ಉದ್ದೇಶದಿಂದ. ‘ಮನಸ್ಸು ಬೆಣ್ಣೆ’ ಎಂಬ ಮಾತು ಹುಟ್ಟುವುದೂ ಹೀಗೆಯೇ. ಪ್ರೀತಿಯಿಂದಲೋ ಭಯದಿಂದಲೋ, ನಮಗೆ ನಾವು ಕೊಟ್ಟುಕೊಳ್ಳುವ ರಿಯಾಯಿತಿಯನ್ನು ಮನೆಯ ಹಿರಿಯನಿಗೂ ಕೊಡುತ್ತೇವೆ, ಅಷ್ಟೆ.

ಆದರೆ ಒಂದು ಆಕ್ಷೇಪ ಮಾತ್ರ ನನ್ನನ್ನು ತಡೆದು ನಿಲ್ಲಿಸುತ್ತದೆ. ನಡತೆಯೇ ಮನುಷ್ಯ ಎಂದುಬಿಟ್ಟರೆ ಬಾಯಿ ಬಿಡಲಾಗದವರ ಗತಿಯೇನು? ಅತ್ತೆಮನೆಯಲ್ಲಿ ನಗುನಗುತ್ತಾ ಬಡಿಸುವ ಸೊಸೆ, ಕಚೇರಿಯಲ್ಲಿ ಜಾತಿ ಮುಚ್ಚಿಟ್ಟುಕೊಂಡು ಬದುಕುವ ನೌಕರ, ಇವರ ನಡತೆ ಅವರ ಒಳಗನ್ನು ಹೇಳುವುದಿಲ್ಲ, ಸುತ್ತಲಿನವರ ಬಲವನ್ನು ಹೇಳುತ್ತದೆ. ಈ ಆಕ್ಷೇಪವನ್ನು ಒಪ್ಪಲೇಬೇಕು, ಸಂಶೋಧನೆಯೂ ಒಪ್ಪುತ್ತದೆ. ಮನಶ್ಶಾಸ್ತ್ರಜ್ಞೆ ಸಿಮಿನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮನ್ನು ತಾವೇ ಅಳೆದರು, ಸ್ನೇಹಿತರೂ ಅಪರಿಚಿತರೂ ಅವರನ್ನು ಅಳೆದರು. ಆತಂಕ, ಅಳುಕುಗಳ ವಿಷಯದಲ್ಲಿ ಅವರವರ ಮಾತೇ ಹೆಚ್ಚು ಸರಿ. ಬುದ್ಧಿಶಕ್ತಿ, ಸೃಜನಶೀಲತೆಗಳ ವಿಷಯದಲ್ಲಿ ಸ್ನೇಹಿತರ ಮಾತು ಹೆಚ್ಚು ಸರಿ. ಹೊಗಳಿಕೆ ತೆಗಳಿಕೆ ಅಂಟಿಕೊಂಡಿರುವ ಗುಣಗಳಲ್ಲಿ ನಮ್ಮ ಕಣ್ಣು ಮಂಜಾಗುತ್ತದೆ ಎಂಬುದು ವಜೀರ್ ವಿವರಣೆ. ಹಾಗಾದರೆ ಸಾಕ್ಷಿ ಯಾರದ್ದು ಎಂಬುದು ವಿಷಯವನ್ನು ನೋಡಿ ತೀರ್ಮಾನವಾಗಬೇಕು. ನೋವಾಗುತ್ತಿದೆ ಎಂದು ಸೊಸೆ ಹೇಳಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಾನು ಕರುಣೆಯುಳ್ಳವನು ಎಂದು ಯಜಮಾನ ಹೇಳಿದರೆ, ಅವನ ಕೈಕೆಳಗಿನವರನ್ನೂ ಕೇಳಬೇಕು. ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು.

12ನೇ ಶತಮಾನದ ಬಸವಣ್ಣನವರು ಪ್ರಯೋಗಾಲಯವಿಲ್ಲದೆ ಈ ಗಂಟನ್ನು ಬಿಡಿಸಿದ್ದರು. ಮಾಡಬಾರದ ಏಳು ಸಂಗತಿಗಳನ್ನು ಹೇಳುವ ಅವರ ವಚನ ಕನ್ನಡದ ಮಕ್ಕಳಿಗೂ ಬಾಯಿಪಾಠ. ಆ ಏಳನ್ನೂ ಮಾಡದಿರುವುದೇ ಅಂತರಂಗದ ಶುದ್ಧಿ, ಅದೇ ಬಹಿರಂಗದ ಶುದ್ಧಿ ಎಂಬುದು ಅಲ್ಲಿನ ನಿಲುವು. ಒಳಗಿಗೊಂದು ಪಟ್ಟಿ, ಹೊರಗಿಗೊಂದು ಪಟ್ಟಿ ಎಂದು ಅವರು ಮಾಡಲಿಲ್ಲ. ಪಟ್ಟಿಯಲ್ಲಿರುವುದರಲ್ಲಿ ಹೆಚ್ಚಿನವು ಇನ್ನೊಬ್ಬರೊಂದಿಗೆ ನಡೆದುಕೊಳ್ಳುವ ರೀತಿಗೆ ಸೇರಿದವು, ಕೋಪವೂ ಅದರಲ್ಲಿದೆ. ಬಾಯಿ ಒರಟು ಮನಸ್ಸು ಬೆಣ್ಣೆ ಎಂಬ ವಿನಾಯಿತಿಗೆ ಅಲ್ಲಿ ಜಾಗವಿಲ್ಲ.

ಲುಂಡ್‌ನ ಸಂಶೋಧಕರು ಮುಂದೊಮ್ಮೆ, ಫೋಟೊ ಬದಲಿಸಿದ ಮೇಲೆ ಅದೇ ಜೋಡಿ ಮುಖಗಳನ್ನು ಭಾಗವಹಿಸಿದವರಿಗೆ ಇನ್ನೊಂದು ಸುತ್ತು ತೋರಿಸಿದರು. ಈ ಸಲ ಕೈಚಳಕವಿಲ್ಲ. ಮೊದಲು ತಾವು ಬೇಡವೆಂದಿದ್ದ, ಆದರೆ ಕೈಗೆ ಬಂದಾಗ ಕಾರಣ ಕೊಟ್ಟು ಸಮರ್ಥಿಸಿದ್ದ ಮುಖದ ಕಡೆಗೇ ಅವರ ಒಲವು ವಾಲಿತ್ತು. ಆಡಿದ ಮಾತು ಒಳಗಿಳಿದು ಇಷ್ಟವಾಗಿ ಬೇರೂರಿತ್ತು. ಹಲಸಿನ ಮುಳ್ಳು ತೊಳೆಯನ್ನು ಎಂದೂ ಮುಟ್ಟುವುದಿಲ್ಲ, ಹೋಲಿಕೆ ಸೋಲುವುದು ಅಲ್ಲೇ. ಸಿಡುಕಿದವನು ಪ್ರತಿ ಸಲವೂ ಅದಕ್ಕೊಂದು ಕಾರಣ ಹೇಳುತ್ತಾನೆ, ಮನೆಯವರು ಅದನ್ನು ತಿದ್ದಿ ಇನ್ನಷ್ಟು ಚೆಂದ ಮಾಡುತ್ತಾರೆ, ಮರುದಿನ ತಟ್ಟೆ ತಳ್ಳುವ ಕೈಗೆ ಆ ಕಾರಣ ಮೊದಲೇ ಸಿದ್ಧವಾಗಿರುತ್ತದೆ.