ನಾಲ್ಕನೇ ತಲೆಮಾರಿನ ಒಂದೇ ರೇಸು

ಮನೆತನದ ಕಸುಬನ್ನು ಮಕ್ಕಳು ಮುಂದುವರಿಸಿದರೆ ನಾವು ಹೆಮ್ಮೆಪಡುತ್ತೇವೆ. ಆ ಕಸುಬಿನ ಅಪಾಯವೂ ಬಳುವಳಿಯಲ್ಲಿ ಸೇರಿರುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಸ್ಟಾಕ್ ಕಾರ್ ರೇಸಿನ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವುದು ಆಡಂ ಪೆಟ್ಟಿ ಎಂಬ ಹುಡುಗನ ಕಥೆ.

ಉತ್ತರ ಕೆರೊಲಿನಾದ ಪೆಟ್ಟಿ ಕುಟುಂಬಕ್ಕೆ ರೇಸೇ ಕುಲಕಸುಬು. ಮುತ್ತಜ್ಜ ಲೀ, 1959ರಲ್ಲಿ ನಡೆದ ಮೊಟ್ಟಮೊದಲ ಡೇಟೋನಾ 500 ಗೆದ್ದವರು. ಅಜ್ಜ ರಿಚರ್ಡ್, 200 ಗೆಲುವು ಮತ್ತು ಏಳು ಚಾಂಪಿಯನ್ ಪಟ್ಟಗಳ ಒಡೆಯ. ತಂದೆ ಕೈಲ್ ಕೂಡ ಚಾಲಕರೇ. 1980ರಲ್ಲಿ ಹುಟ್ಟಿದ ಆಡಂ, 1998ರಲ್ಲಿ ಹದಿನೆಂಟು ತುಂಬಿದ ಕೆಲವೇ ತಿಂಗಳಲ್ಲಿ ಆರ್ಕಾ ಸರಣಿಯ ತನ್ನ ಮೊದಲ ರೇಸನ್ನೇ ಗೆದ್ದ. ತಂದೆಯ ಆರಂಭವೂ ಹಾಗೆಯೇ ಆಗಿತ್ತು.

ಮರುವರ್ಷ ನಾಸ್ಕಾರ್‌ನ ಎರಡನೇ ದರ್ಜೆಯಾದ ಬುಷ್ ಸರಣಿಯಲ್ಲಿ ವಂಶದ ಹೆಸರು ನೆರವಿಗೆ ಬರಲಿಲ್ಲ. ಒಮ್ಮೆ ನಾಲ್ಕನೆಯವನಾದ; ಕೆಲವು ರೇಸುಗಳಿಗೆ ಅರ್ಹತೆಯನ್ನೇ ಗಳಿಸಲಿಲ್ಲ. 2000ದ ಏಪ್ರಿಲ್ 2ರಂದು ಟೆಕ್ಸಾಸ್‌ನಲ್ಲಿ ಅಗ್ರ ದರ್ಜೆಗೆ ಪದಾರ್ಪಣೆ ಮಾಡಿದ. ಎಂಜಿನ್ ಕೈಕೊಟ್ಟಿತು. ಮೂರು ದಿನಗಳ ನಂತರ ಮುತ್ತಜ್ಜ ತೀರಿಕೊಂಡರು. ಮೇ 12ರಂದು ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಅಭ್ಯಾಸದ ವೇಳೆ ಆಡಂನ ಕಾರು ಗೋಡೆಗೆ ಅಪ್ಪಳಿಸಿತು. ಅವನಿಗೆ ಹತ್ತೊಂಬತ್ತು ವರ್ಷ.

ಇದನ್ನು ವಿಧಿಯಾಟವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನಾನದನ್ನು ಒಪ್ಪಲಾರೆ. ವೇಗವರ್ಧಕ ಸಿಕ್ಕಿಕೊಂಡು ಕಾರು ಹತೋಟಿ ತಪ್ಪಿತೆಂದು ಶಂಕಿಸಲಾಗಿದೆ. ಎಂಟೇ ವಾರಗಳಲ್ಲಿ ಅದೇ ತಿರುವಿನಲ್ಲಿ ಕೆನ್ನಿ ಅರ್ವಿನ್ ಮಡಿದರು. ಆ ಬಳಿಕವೇ ಎಂಜಿನ್ ನಿಲ್ಲಿಸುವ ಗುಂಡಿ ಸ್ಟೀರಿಂಗ್ ಮೇಲೆ ಕಡ್ಡಾಯವಾಯಿತು. ಕಾರು ಗೋಡೆಗೆ ಬಡಿದಾಗ ಬೆಲ್ಟು ದೇಹವನ್ನು ಹಿಡಿದಿಡುತ್ತದೆ. ತಲೆ ಮಾತ್ರ ಮುನ್ನುಗ್ಗಿ, ಬುರುಡೆಯ ಬುಡ ಮುರಿಯುತ್ತದೆ. ಅದನ್ನು ತಡೆಯುವ ‘ಹ್ಯಾನ್ಸ್’ ಎಂಬ ಸಾಧನ ಆಗಲೇ ಮಾರುಕಟ್ಟೆಯಲ್ಲಿತ್ತು. ಆದರೂ ತಲೆ–ಕುತ್ತಿಗೆಯ ರಕ್ಷಣೆ ಕಡ್ಡಾಯವಾದದ್ದು 2001ರ ಅಕ್ಟೋಬರಿನಲ್ಲಿ, ಡೇಲ್ ಅರ್ನ್‌ಹಾರ್ಟ್ ಅವರಂಥ ದಿಗ್ಗಜ ಡೇಟೋನಾದಲ್ಲಿ ಸತ್ತ ಮೇಲೆ. 2002ರಿಂದ ಆಘಾತ ಹೀರುವ ಗೋಡೆಗಳು ಬಂದವು. ಅರ್ನ್‌ಹಾರ್ಟ್ ಸಾವಿನ ನಂತರದ ಎರಡು ದಶಕಗಳಲ್ಲಿ ನಾಸ್ಕಾರ್‌ನ ಮೂರು ರಾಷ್ಟ್ರೀಯ ಸರಣಿಗಳ ರೇಸುಗಳಲ್ಲಿ ಒಬ್ಬ ಚಾಲಕನೂ ಅಪಘಾತದಿಂದ ಸತ್ತಿಲ್ಲ. ಹಣೆಬರಹವೇ ಆಗಿದ್ದರೆ ಅದು ಹೀಗೆ ಬದಲಾಗುತ್ತಿತ್ತೇ?

ಮಗನ 45ನೇ ಸಂಖ್ಯೆಯ ಕಾರನ್ನು ಮುಂದೆ ತಂದೆಯೇ ಓಡಿಸಿದರು. ಕಾಯಿಲೆಯ ಮಕ್ಕಳಿಗಾಗಿ ಆಡಂನ ನೆನಪಿನಲ್ಲಿ ಹೆತ್ತವರು ಕಟ್ಟಿದ ‘ವಿಕ್ಟರಿ ಜಂಕ್ಷನ್’ ಶಿಬಿರ 2004ರಲ್ಲಿ ಬಾಗಿಲು ತೆರೆಯಿತು. ದುಃಖವನ್ನು ಆ ಕುಟುಂಬ ದೊಡ್ಡತನದಿಂದಲೇ ಹೊತ್ತಿತು. ಆದರೆ ಅಂಥ ದೊಡ್ಡತನ ತೋರಬೇಕಾದ ಸಂದರ್ಭವನ್ನು ತಂದೆತಾಯಿಗೆ ತಂದೊಡ್ಡದಿರುವುದು ಆಟ ನಡೆಸುವವರ ಮೊದಲ ಹೊಣೆ. ಉಪಾಯ ಕೈಯಲ್ಲಿದ್ದೂ ನಿಯಮ ಮಾಡಲು ಹೆಣಗಳ ಲೆಕ್ಕಕ್ಕಾಗಿ ಕಾಯುವ ವ್ಯವಸ್ಥೆಗೆ ಅಪಘಾತವೆಂಬ ನೆಪ ಸಲ್ಲದು.